ಮನೆಯ ಒಲೆಯಿಂದ ಖಾನಾವಳಿಯ ಭಟ್ಟಿಗೆ: ದಾವಣಗೆರೆಯ ಒಂದು ಪ್ರಕರಣ

ಹಿನ್ನೆಲೆ

ಮನೆಯಲ್ಲಿ ರುಚಿಯಾಗಿ ಅಡುಗೆ ಮಾಡುವವರನ್ನು ಕಂಡಾಗ "ನೀವೊಂದು ಹೋಟೆಲ್ ಇಡಬೇಕಿತ್ತು" ಎನ್ನುವುದು ನಮ್ಮಲ್ಲಿ ಮೆಚ್ಚುಗೆಯ ಮಾತು. ಆ ಮಾತನ್ನು ಅಕ್ಷರಶಃ ನಂಬಿ ಒಬ್ಬ ಗೃಹಿಣಿಯೂ ಒಬ್ಬ ಖಾನಾವಳಿ ಮಾಲೀಕರೂ ಒಪ್ಪಂದಕ್ಕೆ ಬಂದಾಗ ಏನೇನಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಸಣ್ಣ ಆಹಾರ ಉದ್ದಿಮೆಗಳಿಗೆ ತರಬೇತಿ ನೀಡುವುದು ನನ್ನ ಕೆಲಸ. ಬಿಕ್ಕಟ್ಟು ತೀವ್ರವಾದ ಮೇಲೆ ಈ ಅಡುಗೆಮನೆಯನ್ನು ಹತ್ತಿರದಿಂದ ಕಂಡೆ. ಅದಕ್ಕೂ ಹಿಂದಿನ ಸಂಗತಿಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅಲ್ಲಿನ ಕೆಲಸಗಾರರೆಲ್ಲ ಆಕೆಯನ್ನು ಅಕ್ಕ ಎಂದು ಕರೆಯುತ್ತಿದ್ದರು; ಇಲ್ಲಿಯೂ ಅದೇ ಇರಲಿ.

ಅಕ್ಕನಿಗೆ ಆಗ ನಲವತ್ತೈದರ ಆಸುಪಾಸು. ತವರು ಜಗಳೂರು ಕಡೆಯ ಹಳ್ಳಿ, ಪತಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ಕಾಲೇಜು, ಆಸ್ಪತ್ರೆಗಳ ಊರಾದ ದಾವಣಗೆರೆಯಲ್ಲಿ ಬಾಡಿಗೆ ಕೋಣೆ ಹಿಡಿದು ಇರುವ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಅಂತಹ ಇಪ್ಪತ್ತು ಜನಕ್ಕೆ ಅಕ್ಕ ಹಲವು ವರ್ಷ ಮನೆಯಲ್ಲೇ ಊಟ ಹಾಕುತ್ತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಜುಣುಕ, ಗುರೆಳ್ಳು ಚಟ್ನಿಪುಡಿ, ಅನ್ನ ಸಾರು, ಮಜ್ಜಿಗೆ. ಯಾರಿಗೆ ಖಾರ ಆಗುವುದಿಲ್ಲ, ಯಾರಿಗೆ ಮರುದಿನ ಪರೀಕ್ಷೆ, ಯಾರು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಎಂಬುದೆಲ್ಲ ಆಕೆಗೆ ಗೊತ್ತಿರುತ್ತಿತ್ತು, ಮತ್ತು ಆ ತಿಳಿವಳಿಕೆಯೇ ಅಂದಿನ ಅಡುಗೆಯನ್ನು ತೀರ್ಮಾನಿಸುತ್ತಿತ್ತು. ಬದನೆಕಾಯಿ ಬಲಿತಿದ್ದರೆ ಎಣ್ಣೆಗಾಯಿ ಬಿಟ್ಟು ಬೇರೇನೋ ಮಾಡುವುದು, ಜನ ತಡವಾಗಿ ಬಂದರೆ ರೊಟ್ಟಿಯ ಹಂಚನ್ನು ತಡವಾಗಿಯೇ ಒಲೆಗೆ ಇಡುವುದು ಆಕೆಗೆ ಸಹಜವಾಗಿತ್ತು.

ಮಾಲೀಕರದು ಪಿ.ಬಿ. ರಸ್ತೆಗೆ ಸಮೀಪದ, ಸುಮಾರು ಐವತ್ತು ಜನ ಕೂರಬಹುದಾದ ಸಸ್ಯಾಹಾರಿ ಖಾನಾವಳಿ. ಬರುವವರಲ್ಲಿ ಅರ್ಧದಷ್ಟು ಮಂದಿ ತಿಂಗಳ ಪಾಸಿನವರು. ಉಳಿದವರು ಹರಪನಹಳ್ಳಿ, ಚನ್ನಗಿರಿ, ಜಗಳೂರು ಕಡೆಯಿಂದ ಆಸ್ಪತ್ರೆಗೋ ಎಪಿಎಂಸಿಗೋ ಬಂದವರು. ಹಳೆಯ ಅಡುಗೆಯವರು ಹೆಚ್ಚಿನ ಸಂಬಳಕ್ಕೆ ಹುಬ್ಬಳ್ಳಿಗೆ ಹೋದಾಗ ಮಾಲೀಕರಿಗೆ ಅಕ್ಕನ ನೆನಪಾಯಿತು. ಅವರ ಸಂಬಂಧಿಕರ ಹುಡುಗನೊಬ್ಬ ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದ. ಅವನ ಜೊತೆ ಇವರೂ ಒಮ್ಮೆ ಉಂಡಿದ್ದರು. ಮನೆಗೇ ಹೋಗಿ ಕೇಳಿದರು. ಅಕ್ಕ ಹಿಂಜರಿದಾಗ ಅವರು ಹೇಳಿದ ಮಾತನ್ನು ಇಬ್ಬರೂ ಒಂದೇ ರೀತಿ ನೆನಪಿಸಿಕೊಳ್ಳುತ್ತಾರೆ: "ಮನೇಲಿ ಹೆಂಗ ಮಾಡ್ತೀರೋ ಹಂಗ ಮಾಡ್ರಿ ಅಕ್ಕಾರ, ಅಷ್ಟಾದ್ರ ಸಾಕು."

ಮುಂದಿನ ತೊಡಕೆಲ್ಲ ಈ ಮಾತಿನಲ್ಲೇ ಅಡಗಿತ್ತು ಎಂದು ನಾನು ಭಾವಿಸುತ್ತೇನೆ. ಆಡಿದವರಲ್ಲೂ ಕೇಳಿದವರಲ್ಲೂ ಕಪಟವಿರಲಿಲ್ಲ. ಆದರೆ ಮನೆಯಲ್ಲಿ ಮಾಡಿದ ಹಾಗೆ ಎನ್ನುವಾಗ ಮಾಲೀಕರ ಮನಸ್ಸಿನಲ್ಲಿದ್ದುದು ತಟ್ಟೆಯ ಮೇಲಿನ ರುಚಿ. ಅಕ್ಕನ ಮನಸ್ಸಿನಲ್ಲಿದ್ದುದು ಅಡುಗೆ ಮಾಡುವ ರೀತಿ.

ಸಮಸ್ಯೆ

ಮೊದಲ ವಾರ ಅಕ್ಕ ಎಲ್ಲವನ್ನೂ ತಾವೇ ಮಾಡಿದರು. ಒಂದೂವರೆ ನೂರಕ್ಕೂ ಹೆಚ್ಚು ಊಟಕ್ಕೆ ಬೇಕಾದ ಎಣ್ಣೆಗಾಯಿಯನ್ನು ಒಂದೇ ಕೊಪ್ಪರಿಗೆಯಲ್ಲಿ ಹಾಕಿದಾಗ ಆದದ್ದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಮನೆಯ ಅಡುಗೆ ಏಕೆ ಸುಮ್ಮನೆ ಹತ್ತು ಪಟ್ಟಾಗುವುದಿಲ್ಲ ಎಂಬುದು ಅಲ್ಲಿ ಕಾಣುತ್ತದೆ. ಪಾತ್ರೆಯೊಂದರ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದರೆ ಅದು ಹಿಡಿಯುವ ಪದಾರ್ಥ 8 ಪಟ್ಟಾಗುತ್ತದೆ, ಮೇಲ್ಮೈ ಮಾತ್ರ 4 ಪಟ್ಟಾಗುತ್ತದೆ. ಅಂದರೆ ಪದಾರ್ಥದ ಪ್ರಮಾಣಕ್ಕೆ ಹೋಲಿಸಿದರೆ ಉರಿ ತಾಗುವ ತಳವೂ ಆವಿ ಹೊರಹೋಗುವ ಬಾಯಿಯೂ ಕಿರಿದಾಗುತ್ತವೆ. ಅಷ್ಟು ಈರುಳ್ಳಿಯನ್ನು ಒಟ್ಟಿಗೆ ಹಾಕಿದಾಗ ಅದು ಹುರಿಯಲಿಲ್ಲ. ತನ್ನದೇ ನೀರು ಬಿಟ್ಟುಕೊಂಡು ಬೆಂದಿತು. ಮನೆಯಲ್ಲಿ ಬಾಣಲೆಯ ತುಂಬ ಒಂದೇ ಪದರದಲ್ಲಿ ಕೂರುತ್ತಿದ್ದ ಎಳೆಯ ಬದನೆಕಾಯಿಗಳು ಇಲ್ಲಿ ನಾಲ್ಕೈದು ಪದರವಾಗಿ, ತಳದವು ಒಡೆದು, ಮೇಲಿನವು ಅರೆಬೆಂದು ಉಳಿದವು. ಭಟ್ಟಿಯ ಉರಿ ಮನೆಯ ಒಲೆಯ ಉರಿಗಿಂತ ಎಷ್ಟೋ ಜೋರಾಗಿದ್ದುದರಿಂದ ಶೇಂಗಾ ಗುರೆಳ್ಳಿನ ಮಸಾಲೆ ತಳ ಹಿಡಿಯಿತು. ರುಚಿ ನೋಡಿದ ಅಕ್ಕ ಸೌಟನ್ನು ಕೆಳಗಿಟ್ಟರು.

ಅದಾಗಲೇ ಹನ್ನೆರಡೂವರೆ ದಾಟಿತ್ತು. ಮೇಜುಗಳು ತುಂಬಿದ್ದವು. ಪಲ್ಯ ಹೊರಗೆ ಹೋಗುವುದು ಬೇಡ, ಅರ್ಧ ಗಂಟೆ ಕೊಡಿ ಎಂದು ಅಕ್ಕ. ಇವತ್ತು ಹೀಗೇ ಹೋಗಲಿ ಬಿಡಿ ಎಂದು ಮಾಲೀಕರು. "ನಾ ಉಣ್ಣಲಾರದ್ದನ್ನ ಅವ್ರಿಗೆ ಹೆಂಗ ಇಡ್ಲಿ?" ಎಂದು ಅಕ್ಕ ಕೇಳಿದ್ದನ್ನು ಸಪ್ಲೈಯರ್ ಹುಡುಗರು ತಿಂಗಳುಗಳ ನಂತರವೂ ನನಗೆ ಹೇಳುತ್ತಿದ್ದರು. ಆ ದಿನ ಪಲ್ಯವಿಲ್ಲದೆ ರೊಟ್ಟಿ, ಚಟ್ನಿಪುಡಿ, ಮೊಸರು ಬಡಿಸಿ ಮುಗಿಸಿದರು. ಎದ್ದುಹೋದವರೂ ಇದ್ದರು.

ರೊಟ್ಟಿಯದು ಇನ್ನೊಂದು ಕಥೆ. ಜೋಳದಲ್ಲಿ ಗೋಧಿಯಲ್ಲಿರುವಂತಹ ಅಂಟಿನ ಅಂಶವಿಲ್ಲ. ಎಸರಿನ ಬಿಸಿನೀರು ಬಿದ್ದಾಗ ಹಿಟ್ಟಿನ ಪಿಷ್ಟವೇ ಮೆದುವಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಆ ಹಿಟ್ಟು ತಣಿದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಆದ್ದರಿಂದ ಚಪಾತಿ ಹಿಟ್ಟಿನಂತೆ ಬೆಳಿಗ್ಗೆಯೇ ನಾದಿ ಇಡಲು ಬರುವುದಿಲ್ಲ. ಮನೆಯಲ್ಲಿ ಅಕ್ಕ ಒಂದು ಕೈಯಿಂದ ನಾದುತ್ತ ಇನ್ನೊಂದು ಕೈಯಿಂದ ಹಂಚಿನ ಮೇಲಿನ ರೊಟ್ಟಿಯನ್ನು ತಿರುವುತ್ತಿದ್ದರು; ಉಣ್ಣುವವರು ಒಬ್ಬರಾದ ಮೇಲೆ ಒಬ್ಬರು ಬರುತ್ತಿದ್ದರು. ಇಲ್ಲಿ ಒಮ್ಮೆಗೇ ಐವತ್ತು ತಟ್ಟೆ ಕಾಯುತ್ತಿದ್ದವು. ರೊಟ್ಟಿ ಬರುವಷ್ಟರಲ್ಲಿ ಪಲ್ಯ ಆರುತ್ತಿತ್ತು, ಎರಡನೆಯ ರೊಟ್ಟಿ ಬರುವಷ್ಟರಲ್ಲಿ ಉಣ್ಣುವವರು ಅನ್ನಕ್ಕೆ ಕೈಹಾಕಿರುತ್ತಿದ್ದರು.

ಇಷ್ಟು ಜನಕ್ಕೆ ಅಡುಗೆ ಮಾಡುವುದು ನಮ್ಮ ಜನರಿಗೆ ಹೊಸದೇನಲ್ಲ ಎಂಬ ಆಕ್ಷೇಪ ಇಲ್ಲಿ ಬರಬಹುದು. ಮಠಗಳ ದಾಸೋಹದಲ್ಲಿ, ಮದುವೆಯ ಪಂಕ್ತಿಗಳಲ್ಲಿ ಸಾವಿರಾರು ಜನ ಉಣ್ಣುತ್ತಾರಲ್ಲವೇ? ಉಣ್ಣುತ್ತಾರೆ. ಆದರೆ ಪಂಕ್ತಿಯಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಕೂರುತ್ತಾರೆ, ಎಲೆಗೆ ಬೀಳುವುದು ಒಂದೇ ಊಟ, ಅಡುಗೆಯಾದ ಮೇಲೆ ಜನರನ್ನು ಕರೆಯುತ್ತಾರೆ. ಖಾನಾವಳಿಯಲ್ಲಿ ಜನ ತಮ್ಮ ಹೊತ್ತಿಗೆ ಬರುತ್ತಾರೆ, ಅರ್ಧ ಗಂಟೆಯಲ್ಲಿ ಎದ್ದು ಹೋಗಬೇಕಾಗಿರುತ್ತದೆ, ಹಣ ಕೊಟ್ಟಿರುತ್ತಾರೆ. ಅಡುಗೆಯವರು ಉಣ್ಣುವವರ ಗಡಿಯಾರಕ್ಕೆ ತಕ್ಕಂತೆ ಕೆಲಸ ಮಾಡಬೇಕಾಗುತ್ತದೆ. ಪಂಕ್ತಿಯ ಅನುಭವಸ್ಥರೂ ಹೋಟೆಲ್ ಅಡುಗೆಮನೆಯಲ್ಲಿ ತಡವರಿಸುವುದನ್ನು ನಾನು ಕಂಡಿದ್ದೇನೆ, ಕಾರಣ ಇದೇ.

ಮಾಡಿ ನೋಡಿದ ಉಪಾಯಗಳು

ಮಾಲೀಕರು ಮೊದಲು ಮಾಡಿದ್ದು ಸಹಾಯಕ್ಕೆ ಇಬ್ಬರನ್ನು ಸೇರಿಸಿದ್ದು. ಇದರಿಂದ ಅಕ್ಕನ ಹೊರೆ ಇಳಿಯಲಿಲ್ಲ. ಉಪ್ಪು ಎಷ್ಟು, ಹುಣಸೆ ಎಷ್ಟು, ಈರುಳ್ಳಿ ಎಲ್ಲಿಯವರೆಗೆ ಹುರಿಯಬೇಕು ಎಂಬುದೆಲ್ಲ ಅಕ್ಕನ ಕಣ್ಣಂದಾಜಿನಲ್ಲಿತ್ತು. ಬಂದವರು ಪ್ರತಿಯೊಂದಕ್ಕೂ ಆಕೆಯನ್ನೇ ಕೇಳಬೇಕಿತ್ತು. ಮೂರು ಒಲೆಗಳ ನಡುವೆ ಓಡಾಡುತ್ತ ಉತ್ತರ ಹೇಳುವುದು ತಾನೇ ಮಾಡುವುದಕ್ಕಿಂತ ಕಷ್ಟವಾಯಿತು.

ಎರಡನೆಯದಾಗಿ ಮಾಲೀಕರು ಸಿದ್ಧ ಮಸಾಲೆ ಪೊಟ್ಟಣಗಳನ್ನು ತಂದರು, ಕಾಳು ಬೇಗ ಬೇಯಲೆಂದು ಸೋಡಾ ಹಾಕಿಸಿದರು. ವೇಗ ಬಂತು. ಆದರೆ ಹತ್ತು ದಿನದೊಳಗೆ ಪಾಸಿನವರು ಗಲ್ಲಾದ ಬಳಿ ಬಂದು ಕೇಳತೊಡಗಿದರು. ಆ ಒಂದು ದಿನ ಮಾತ್ರ ಉಂಡುಹೋಗುವವರು ಏನೂ ಹೇಳಲಿಲ್ಲ. ಹಾಗೆ ನೋಡಿದರೆ ಅವರಲ್ಲಿ ಕೆಲವರಿಗೆ ಹೊಸ ರುಚಿಯೇ ಹಿಡಿಸಿತ್ತು. ಈ ವ್ಯತ್ಯಾಸ ನನಗೆ ಮಹತ್ವದ್ದೆನಿಸುತ್ತದೆ. ಒಂದೇ ದಿನ ಉಣ್ಣುವವರು ಮೊದಲ ತುತ್ತಿನಲ್ಲೇ ಊಟವನ್ನು ಅಳೆಯುತ್ತಾರೆ. ಆ ತುತ್ತು ಗೆಲ್ಲಲೆಂದೇ ಹೋಟೆಲ್ ಅಡುಗೆಯಲ್ಲಿ ಎಣ್ಣೆ, ಉಪ್ಪು, ಖಾರ ಒಂದು ಹಿಡಿ ಮುಂದಿರುತ್ತವೆ. ಮನೆಯ ಅಡುಗೆಯನ್ನು ಅಳೆಯುವುದು ತಿಂಗಳ ಕೊನೆಗೆ. ಇಂದು ಉಂಡದ್ದು ನಾಳೆಯೂ ನಾಡಿದ್ದೂ ಬೇಸರ ತರದೆ, ಹೊಟ್ಟೆ ಭಾರವಾಗಿಸದೆ ಇರಬೇಕು. ಪಾಸಿನವರನ್ನು ನೆಚ್ಚಿದ ಖಾನಾವಳಿ ಇವೆರಡರ ನಡುವೆ ನಿಂತಿರುತ್ತದೆ. ಮಾಲೀಕರಿಗೆ ಮನೆಯ ಅಡುಗೆಯ ಅಗತ್ಯ ನಿಜವಾಗಿಯೂ ಇತ್ತು. ಫಲಕದ ಆಕರ್ಷಣೆಗಾಗಿ ಮಾತ್ರ ಅಲ್ಲ.

ಮೂರನೆಯ ಉಪಾಯ ಅಪಾಯದ ಅಂಚಿಗೆ ಒಯ್ದಿತು. ಮಧ್ಯಾಹ್ನದ ಗದ್ದಲ ತಪ್ಪಿಸಲು ಅನ್ನವನ್ನು ಬೆಳಿಗ್ಗೆಯೇ ಹೆಚ್ಚಾಗಿ ಮಾಡಿ, ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟು, ಉಳಿದದ್ದನ್ನು ರಾತ್ರಿ ಚಿತ್ರಾನ್ನಕ್ಕೆ ಬಳಸುವುದೆಂದು ಗೊತ್ತಾಯಿತು. ಮನೆಯಲ್ಲಿ ಉಳಿದ ಅನ್ನಕ್ಕೆ ಒಗ್ಗರಣೆ ಹಾಕದವರು ಯಾರು? ಆದರೆ ಮನೆಯಲ್ಲಿ ಉಳಿಯುವುದು ಎರಡು ಬಟ್ಟಲು ಅನ್ನ. ಅದು ಬೇಗ ಆರುತ್ತದೆ. ಇಪ್ಪತ್ತು ಕಿಲೋ ಅನ್ನದ ನಡುಭಾಗ ಸಂಜೆಯವರೆಗೂ ಬೆಚ್ಚಗೇ ಇರುತ್ತದೆ. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿತದಲ್ಲೂ ಸಾಯುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅನ್ನ ಗಂಟೆಗಟ್ಟಲೆ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ, ಮತ್ತು ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಕ್ಕನಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಒಂದು ಸಂಜೆ ಕೈಗೆ ಅನ್ನ ಜಾರಿದಂತಾಗಿ, ವಾಸನೆ ನೋಡಿ, ಇಡೀ ಪಾತ್ರೆಯನ್ನು ಚೆಲ್ಲಿಸಿದರು. ಕೈಗೂ ಮೂಗಿಗೂ ಸಿಕ್ಕಿದ್ದು ಅಂದಿನ ಅದೃಷ್ಟ. ಇಂತಹ ಅನ್ನ ಹೊರನೋಟಕ್ಕೆ ಚೆನ್ನಾಗಿಯೇ ಕಾಣುವುದೂ ಉಂಟು.

ಮಾಲೀಕರಿಗೆ ಚೆಲ್ಲಿದ ಅನ್ನದ ಬೆಲೆ ಕಂಡಿತು. ಮಾತಿಗೆ ಮಾತು ಬೆಳೆಯಿತು; ಅಕ್ಕ ಮರುದಿನ ಬರಲಿಲ್ಲ. ಎರಡು ದಿನ ಯೋಚಿಸಿದ ಮಾಲೀಕರು ತಾವೇ ಹೋಗಿ ಕರೆದು ತಂದರು, ಹಾಗೆಯೇ ಆಹಾರ ಸುರಕ್ಷತೆಯ ತರಬೇತಿ ಬೇಕೆಂದು ನಮ್ಮನ್ನೂ ಸಂಪರ್ಕಿಸಿದರು. ನಷ್ಟವನ್ನು ನುಂಗಿ ಅಡುಗೆಯವರ ಮಾತನ್ನು ಎತ್ತಿಹಿಡಿದ ಆ ತೀರ್ಮಾನ ಈ ಪ್ರಕರಣದ ಮೊದಲ ತಿರುವು. ಅದಕ್ಕೆ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಬೇಕು.

ತಿರುವು

ತರಬೇತಿಯ ಮೊದಲ ಭಾಗ ಎಲ್ಲೆಡೆ ಇರುವಂತಹುದೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, ಅದರಡಿ 2011ರ ನಿಯಮಗಳ ಶುಚಿತ್ವದ ಅಗತ್ಯಗಳು, ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, 14.2 ಕಿಲೋ ಮನೆ ಸಿಲಿಂಡರ್ ಬದಲು 19 ಕಿಲೋ ವಾಣಿಜ್ಯ ಸಿಲಿಂಡರ್. ಅನ್ನದ ವಿಷಯ ಒಂದೇ ದಿನದಲ್ಲಿ ಮುಗಿಯಿತು: ಸಣ್ಣ ಸಣ್ಣ ಸರದಿಯಲ್ಲಿ ಮಾಡುವುದು, ಮಾಡಿದ್ದನ್ನು ಹಬೆಯಾಡುವಂತೆ ಇಡುವುದು, ಮಧ್ಯಾಹ್ನದ್ದು ಮಧ್ಯಾಹ್ನಕ್ಕೇ ಕೊನೆ.

ನಿಜವಾದ ಕೆಲಸ ಇದ್ದದ್ದು ಎಣ್ಣೆಗಾಯಿಯಲ್ಲಿ. ಅಕ್ಕ ಮಾಡುತ್ತಿದ್ದಂತೆ ಪ್ರತಿ ಹಂತದಲ್ಲೂ ಆಕೆ ಏನನ್ನು ತೀರ್ಮಾನಿಸುತ್ತಿದ್ದಾರೆ ಎಂದು ಬರೆದುಕೊಳ್ಳಲು ಕುಳಿತೆವು. ಬರೆದು ಮುಗಿಸಿದಾಗ ಆ ಒಂದು ಪಲ್ಯದೊಳಗೆ ಎರಡು ಬಗೆಯ ತೀರ್ಮಾನಗಳಿವೆ ಎಂಬುದು ತಿಳಿಯಿತು. ಕೆಲವನ್ನು ಬೆಳಿಗ್ಗೆ ಏಳು ಗಂಟೆಗೇ ಮುಗಿಸಬಹುದು: ಬದನೆಕಾಯಿಯನ್ನು ಆರಿಸುವುದು, ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಹುರಿದು ಕುಟ್ಟುವುದು, ಹುಣಸೆ ಬೆಲ್ಲದ ರಸ ಸಿದ್ಧಮಾಡುವುದು. ಇನ್ನು ಕೆಲವನ್ನು ಒಲೆಯ ಮುಂದೆಯೇ, ಆ ಗಳಿಗೆಯಲ್ಲೇ ಮಾಡಬೇಕು: ಈರುಳ್ಳಿ ಸಾಕಾಯಿತೇ, ಮಸಾಲೆ ಎಣ್ಣೆ ಬಿಟ್ಟಿತೇ, ಕಾಯಿ ಬೆಂದಿತೇ. ಮನೆಯಲ್ಲಿ ಇವೆರಡೂ ಬೆರೆತುಕೊಂಡೇ ನಡೆಯುತ್ತವೆ, ಬೇರ್ಪಡಿಸುವ ಅಗತ್ಯವೇ ಇರುವುದಿಲ್ಲ. ಹೋಟೆಲ್ ಅಡುಗೆಯ ಕೌಶಲವೆಂದರೆ ಮೊದಲನೆಯ ಬಗೆಯ ತೀರ್ಮಾನಗಳಲ್ಲಿ ಒಂದನ್ನೂ ಮಧ್ಯಾಹ್ನದ ಗದ್ದಲಕ್ಕೆ ಉಳಿಸದಿರುವುದು.

ಆಮೇಲೆ ಅಳತೆ. ಅಕ್ಕ ಕೈಯಿಂದ ತೆಗೆದದ್ದನ್ನು ಪಾತ್ರೆಗೆ ಹಾಕುವ ಮೊದಲು ತಕ್ಕಡಿಗೆ ಹಾಕಿಸಿ ತೂಗಿದೆವು, ಬೇರೆ ಬೇರೆ ದಿನ ಮತ್ತೆ ಮತ್ತೆ. ಆಕೆಯ ಕೈ ಅಳತೆ ಅಂದಾಜಿನದಲ್ಲ ಎಂಬುದನ್ನು ಅಲ್ಲಿದ್ದವರೆಲ್ಲ ಕಣ್ಣಾರೆ ಕಂಡರು: ಉಪ್ಪು, ಶೇಂಗಾ, ಕೊಬ್ಬರಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ತೂಕಕ್ಕೆ ಬಂದವು. ಆದರೆ ಖಾರದ ಪುಡಿಯೂ ಹುಣಸೆಯೂ ದಿನದಿಂದ ದಿನಕ್ಕೆ ಏರಿಳಿದವು. ಮೊದಲು ಇದನ್ನು ಅಳತೆಯ ಅಸ್ಥಿರತೆ ಎಂದು ಮಾಲೀಕರು ಎಣಿಸಿದರು. ವಾಸ್ತವದಲ್ಲಿ ಅಸ್ಥಿರವಾಗಿದ್ದುದು ಪದಾರ್ಥ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಕಾಯಿ ಬೆರೆತ ಪುಡಿ ಬಂದ ದಿನ ಅಕ್ಕನ ಕೈ ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಹಳೆಯ ಹುಣಸೆಗೆ ಒಂದು ಕೈ, ಹೊಸ ಹುಣಸೆಗೆ ಇನ್ನೊಂದು. ಆದ್ದರಿಂದ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಸ್ಥಿರವಾದವಕ್ಕೆ ತೂಕ ಬರೆದೆವು, ಖಾರಕ್ಕೂ ಹುಣಸೆಗೂ ಕನಿಷ್ಠ ಪ್ರಮಾಣ ಮಾತ್ರ ಬರೆದು "ರುಚಿ ನೋಡಿ ಸೇರಿಸುವುದು" ಎಂದು ಬಿಟ್ಟೆವು. ಮನೆಯ ಅಡುಗೆಯನ್ನು ಹೋಟೆಲಿಗೆ ತರುವ ಎಷ್ಟೋ ಪ್ರಯತ್ನಗಳು ಇಲ್ಲಿಯೇ ಎಡವುತ್ತವೆ: ಒಂದೋ ಏನನ್ನೂ ಅಳೆಯುವುದಿಲ್ಲ, ಇಲ್ಲವೇ ಅಳೆಯಬಾರದ್ದನ್ನೂ ಅಳೆದು ಬಾಯಿಗೆ ಬೀಗ ಹಾಕುತ್ತಾರೆ.

ಕೊಪ್ಪರಿಗೆ ಹೋಯಿತು, ಅಗಲವಾದ ಬಾಣಲೆಗಳು ಬಂದವು. ಒಂದು ಬಾಣಲೆಗೆ ಒಂದೇ ಪದರ, ಸುಮಾರು ನಲವತ್ತು ಊಟಕ್ಕಾಗುವಷ್ಟು. ದಿನಕ್ಕೆ ಎರಡು ಸರದಿ ಎಣ್ಣೆಗಾಯಿ, ಮುಗಿದ ಮೇಲೆ ಹೆಸರುಕಾಳು. ಎಣ್ಣೆಗಾಯಿ ಮುಗಿದಿದೆ ಎಂದು ಹೇಳಲು ಮಾಲೀಕರಿಗೆ ಬಹಳ ಸಂಕೋಚವಿತ್ತು, ಬಂದವರಿಗೆ ಇಲ್ಲ ಎನ್ನುವುದು ವ್ಯಾಪಾರಕ್ಕೆ ಕೆಟ್ಟದ್ದೆಂಬ ನಂಬಿಕೆ. ಆಗ ನಮ್ಮ ಊರಿನದೇ ಉದಾಹರಣೆ ನೆರವಿಗೆ ಬಂತು. ದಾವಣಗೆರೆಯ ಬೆಣ್ಣೆ ದೋಸೆ ಸುಮಾರು 1928ರಲ್ಲಿ ಚೆನ್ನಮ್ಮ ಎಂಬುವರ ಒಲೆಯಿಂದ ಶುರುವಾಯಿತೆಂದು ಹೇಳಿಕೊಂಡು ಬಂದಿದ್ದಾರೆ. ಮನೆಯ ರುಚಿ ಹೋಟೆಲಿನದಾದ ಕಥೆಯೇ ಅದು. ಬೆಣ್ಣೆ ದೋಸೆಯ ಅಂಗಡಿಯಲ್ಲಿ ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ಹುಳಿಗಿಡುವ ತೀರ್ಮಾನಗಳೆಲ್ಲ ಹಿಂದಿನ ದಿನವೇ ಮುಗಿದಿರುತ್ತವೆ, ಕಾವಲಿಯ ಮುಂದೆ ನಿಂತವರಿಗೆ ಉರಿ ಮತ್ತು ಬೆಣ್ಣೆಯ ಮೇಲೆ ಮಾತ್ರ ಕಣ್ಣು, ಹಿಟ್ಟು ಮುಗಿದರೆ ದೋಸೆಯೂ ಮುಗಿಯಿತು. ಯಾರೂ ಅದಕ್ಕಾಗಿ ಜಗಳವಾಡುವುದಿಲ್ಲ; ಮರುದಿನ ಬೇಗ ಬರುತ್ತಾರೆ.

ರೊಟ್ಟಿಗೆ ಪರಿಹಾರ ಹೇಳಿದವರು ಅಕ್ಕನೇ. ರೊಟ್ಟಿ ಬಡಿಯುವ ಇಬ್ಬರು ಹೆಂಗಸರನ್ನು ಎಣಿಕೆಯ ಲೆಕ್ಕದಲ್ಲಿ ಕರೆತಂದು, ಒಂದೊಂದೇ ಕಿಲೋ ಹಿಟ್ಟನ್ನು ಎಸರಿಟ್ಟು ನಾದಿಸಿದರು. ಅದಕ್ಕಿಂತ ಜಾಣತನದ್ದು ಇನ್ನೊಂದು: ಕೂತ ಕೂಡಲೇ ತಟ್ಟೆಗೆ ಒಂದು ಖಡಕ್ ರೊಟ್ಟಿ, ಕೆಂಪು ಚಟ್ನಿ, ಹಸಿ ಈರುಳ್ಳಿ, ಮೊಸರು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಉಣ್ಣುವವರ ಕೈಗೆ ಏನೋ ಸಿಕ್ಕಿರುತ್ತದೆ, ಬಿಸಿ ರೊಟ್ಟಿ ತನ್ನ ಹೊತ್ತಿಗೆ ಬರುತ್ತದೆ. ತವರಿನಲ್ಲಿ ಹೊಲದಿಂದ ಹಸಿದು ಬಂದವರಿಗೆ ಹೀಗೇ ಕೊಡುತ್ತಿದ್ದರಂತೆ. ಎಷ್ಟೋ ಹೋಟೆಲ್ ಅಡುಗೆಯವರ ತಲೆಗೆ ಹೊಳೆಯದ ಉತ್ತರ ಮನೆಯ ಪದ್ಧತಿಯೊಳಗೇ ಇತ್ತು.

ಆದದ್ದು

ನಾಲ್ಕೈದು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಚೆಲ್ಲುವುದು ಕಡಿಮೆಯಾಯಿತು, ಪಾಸುಗಳು ಹೆಚ್ಚಿದವು. ಇಲ್ಲಿಗೇ ಬರಹವನ್ನು ನಿಲ್ಲಿಸಿದ್ದರೆ ಇದೊಂದು ಯಶಸ್ಸಿನ ಕಥೆಯಾಗುತ್ತಿತ್ತು, ಆದರೆ ಅಕ್ಕನ ಮನೆಯ ಕಡೆ ನೋಡದೆ ಹಾಗೆ ಹೇಳುವುದು ತಪ್ಪಾಗುತ್ತದೆ.

ಬೆಳಿಗ್ಗೆ ಆರಕ್ಕೆ ಹೋದವರು ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಿದ್ದರು, ನಡುವೆ ಎರಡು ಗಂಟೆ ಬಿಡುವು. ಮನೆಯ ಇಪ್ಪತ್ತು ಜನರ ಊಟ ನಿಂತುಹೋಗಿತ್ತು. ಮನೆಯವರು ಖಾನಾವಳಿಯ ಪಾರ್ಸೆಲ್ ಉಣ್ಣುತ್ತಿದ್ದರು. "ನಿನ್ನ ಕೈಯೂಟ ಊರಿಗೆಲ್ಲ ಸಿಗತೈತಿ, ನಮಗ ಸಿಗಂಗಿಲ್ಲ" ಎಂದು ಪತಿ ಅಂದಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ ಎಂದು ಅಕ್ಕ ಹೇಳುತ್ತಾರೆ, ಆದರೂ ಆ ಮಾತು ಚುಚ್ಚಿತ್ತು. ಹೋಟೆಲ್ ಕೆಲಸ ದೇಹವನ್ನು ತಿನ್ನುತ್ತದೆ: ನಿಂತು ನಿಂತು ಕಾಲು ಊದುತ್ತದೆ, ಭಾರದ ಪಾತ್ರೆಗಳಿಂದ ಭುಜ ಹಿಡಿಯುತ್ತದೆ, ಮುಂಗೈಯಲ್ಲಿ ಸುಟ್ಟ ಗಾಯ ಮಾಯುವ ಮುನ್ನ ಇನ್ನೊಂದು. ಸಂಬಳ ಮೊದಲಿನ ಗಳಿಕೆಗಿಂತ ಹೆಚ್ಚಿತ್ತು. ಆದರೆ ಮನೆಯ ಊಟದಲ್ಲಿ ಬೇಡವೆಂದ ದಿನ ಬೇಡವೆನ್ನುವ ಅಧಿಕಾರವಿತ್ತು, ಉಂಡವರ ಮುಖ ಕಾಣುತ್ತಿತ್ತು. ಖಾನಾವಳಿಯಲ್ಲಿ ಭಟ್ಟಿಗೂ ಉಣ್ಣುವವರಿಗೂ ನಡುವೆ ಗೋಡೆಯಿತ್ತು; ತಟ್ಟೆಗಳು ಖಾಲಿಯಾಗಿ ಬಂದವೇ ಎಂದು ತೊಳೆಯುವ ಕಡೆ ಹೋಗಿ ನೋಡುತ್ತಿದ್ದರಂತೆ.

ನಗರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷ ಜಾತ್ರೆ ಬಂದಾಗ ಊರಿನ ತುಂಬ ನೆಂಟರು, ಖಾನಾವಳಿಗೆ ಎರಡು ಪಟ್ಟು ಜನ. ಮಾಡಿದ ಏರ್ಪಾಡು ಎಂಬತ್ತು ಎಣ್ಣೆಗಾಯಿ ಊಟಕ್ಕೆ. ಮಾಲೀಕರು ಆ ಮೂರು ದಿನಕ್ಕೆ ಕೊಪ್ಪರಿಗೆಯನ್ನು ಮತ್ತೆ ಹೊರತೆಗೆದರು, ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಅಕ್ಕ ಇರಬೇಕೆಂದರು. ತಮ್ಮ ಮನೆಗೂ ನೆಂಟರು ಬಂದಿದ್ದಾರೆ ಎಂಬುದನ್ನು ಅಕ್ಕ ಹೇಳಿದರೂ ಅದಕ್ಕೆ ಎಡೆ ಸಿಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ತಲೆ ಸುತ್ತಿ ಅಕ್ಕ ಅಡುಗೆಮನೆಯಲ್ಲೇ ಕುಳಿತರು. ಜಾತ್ರೆ ಮುಗಿದ ಮೇಲೆ ಇನ್ನು ಬರುವುದಿಲ್ಲವೆಂದು ಹೇಳಿ ಕಳುಹಿಸಿದರು.

ಎರಡನೆಯ ತಿರುವು ಇದು. ಈ ಸಲದ ಮಾತುಕತೆ ರುಚಿಯ ಕುರಿತದ್ದಾಗಿರಲಿಲ್ಲ, ಹೊತ್ತು ಮತ್ತು ಹಣದ ಕುರಿತದ್ದು. ಅಕ್ಕನ ಬೇಡಿಕೆ ಸ್ಪಷ್ಟವಾಗಿತ್ತು: ಬೆಳಿಗ್ಗೆ ಏಳರಿಂದ ಹನ್ನೆರಡೂವರೆಯವರೆಗೆ ಮಾತ್ರ. ಮೊದಲ ಸರದಿಯನ್ನು ತಾವು ಮಾಡಿಸಿ, ಎಲ್ಲದರ ರುಚಿ ನೋಡಿ ಹೊರಡುವುದು. ಎರಡನೆಯದನ್ನು ಕಲಿತ ಇಬ್ಬರು ಮಾಡುವುದು. ಮಾಲೀಕರ ಲೆಕ್ಕದಲ್ಲಿ ಅರ್ಧ ದಿನಕ್ಕೆ ಅರ್ಧ ಸಂಬಳ. ಅಕ್ಕನ ಲೆಕ್ಕದಲ್ಲಿ ಪಾಸಿನವರು ಬರುವುದು ಗಂಟೆಗಾಗಿ ಅಲ್ಲ. ಎರಡೂ ಕಡೆಯ ಮಾತಿನಲ್ಲಿ ಹುರುಳಿತ್ತು, ಆದರೆ ನನ್ನ ಮನಸ್ಸು ಅಕ್ಕನ ಕಡೆಗೇ ವಾಲಿತು. ಹೋಟೆಲ್ ಅಡುಗೆಯಲ್ಲಿ ಸಂಬಳ ಕೊಡುವುದು ನಿಂತ ಹೊತ್ತಿಗೆ, ಹೊತ್ತ ಭಾರಕ್ಕೆ. ನಾಲಿಗೆಗೆ ಬೆಲೆ ಕಟ್ಟುವ ರೂಢಿ ಸಣ್ಣ ಖಾನಾವಳಿಗಳಲ್ಲಿ ಇಲ್ಲ, ಅದರಲ್ಲೂ ಆ ನಾಲಿಗೆ ಗೃಹಿಣಿಯದಾಗಿದ್ದರೆ.

ಕೊನೆಗೆ ಒಪ್ಪಿದ್ದು ಹೀಗೆ. ಸಂಬಳ ಮೂರನೆಯ ಒಂದು ಭಾಗ ಇಳಿಯಿತು. ಅದರ ಬದಲಿಗೆ ಎಣ್ಣೆಗಾಯಿಯ ಮಸಾಲೆ ಪುಡಿಯನ್ನೂ ಚಟ್ನಿಪುಡಿಗಳನ್ನೂ ಅಕ್ಕ ತಮ್ಮ ಮನೆಯಲ್ಲಿ ಮಾಡಿ ಕಿಲೋ ಲೆಕ್ಕದಲ್ಲಿ ಮಾರುವುದು. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿನ ಸಣ್ಣ ಉತ್ಪಾದಕರಿಗೆ ಆಗ ಪೂರ್ಣ ಪರವಾನಗಿ ಬೇಕಿರಲಿಲ್ಲ, ನೋಂದಣಿ ಸಾಕಿತ್ತು. ಅದನ್ನು ಆಕೆ ಸ್ವಂತ ಹೆಸರಿನಲ್ಲಿ ಮಾಡಿಸಿಕೊಂಡರು. ಗೋಡೆಯ ಹಾಳೆಯಲ್ಲಿ "ಮಸಾಲೆ ಪುಡಿ" ಎಂದಷ್ಟೇ ಇದ್ದು ಅದರೊಳಗಿನ ಪ್ರಮಾಣವನ್ನು ಅಕ್ಕ ಯಾರಿಗೂ ಬರೆದುಕೊಡಲಿಲ್ಲ. ಮಾಲೀಕರು ಇದನ್ನು ಅಪನಂಬಿಕೆ ಎಂದುಕೊಂಡು ಕೆಲವು ದಿನ ನೊಂದುಕೊಂಡರು. ಆಕೆಯ ಪರವಾಗಿ ಬೇರೆ ಯಾವ ಭದ್ರತೆಯೂ ಇಲ್ಲದಿರುವಾಗ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಇದರಿಂದ ತಿಳಿಯುವುದು

ಮನೆಯ ಅಡುಗೆಯವರನ್ನು ಹೋಟೆಲಿಗೆ ಕರೆಯುವವರು ಯಾವ ಯಾವ ಖಾದ್ಯ ಬೇಕು ಎಂದು ಮೊದಲು ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಆ ಖಾದ್ಯದ ಯಾವ ತೀರ್ಮಾನವನ್ನು ಬೆಳಿಗ್ಗೆಗೆ ಒಯ್ಯಬಹುದು, ಯಾವುದನ್ನು ಒಯ್ಯಲಾಗದು ಎಂಬುದನ್ನು. ಚಟ್ನಿಪುಡಿ, ಖಡಕ್ ರೊಟ್ಟಿಗಳಲ್ಲಿ ಎಲ್ಲವೂ ಮೊದಲೇ ಮುಗಿಯುತ್ತವೆ, ಅವು ಹೋಟೆಲಿಗೆ ಸುಲಭವಾಗಿ ಬರುತ್ತವೆ. ಎಣ್ಣೆಗಾಯಿ ಅರ್ಧ ಬರುತ್ತದೆ. ಜುಣುಕವನ್ನು ಇಲ್ಲಿ ಹಲವು ಸಲ ಮಾಡಿ ಕೈಬಿಡಬೇಕಾಯಿತು. ಇಳಿಸಿದ ಕೆಲವೇ ನಿಮಿಷಗಳಲ್ಲಿ ಕಡಲೆಹಿಟ್ಟು ಗಟ್ಟಿಯಾಗಿ, ಮೂರನೆಯ ತಟ್ಟೆಗೆ ಬಡಿಸುವಷ್ಟರಲ್ಲಿ ಅದರ ಗುಣವೇ ಹೋಗುತ್ತಿತ್ತು. ಅದು ಮನೆಯಲ್ಲೇ ಉಳಿಯಲಿ ಎಂದು ಅಕ್ಕ ತೀರ್ಮಾನಿಸಿದರು.

ಕೆಲಸಕ್ಕೆ ಸೇರುವವರು ಸಂಬಳದ ಜೊತೆಗೆ ಎರಡು ವಿಷಯಗಳನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಬೇಕು. ಸರಿಯಿಲ್ಲದ್ದನ್ನು ತಡೆಯುವ ಅಧಿಕಾರ ಯಾರದು? ಇಲ್ಲಿ ಅದು ಅಕ್ಕನದೆಂದು ಸ್ಥಿರವಾದದ್ದು ಇಪ್ಪತ್ತು ಕಿಲೋ ಅನ್ನ ಚೆಲ್ಲಿದ ಮೇಲೆ. ಹಬ್ಬ, ಜಾತ್ರೆ, ಮದುವೆ ಸುಗ್ಗಿಯಲ್ಲಿ ಕೆಲಸದ ಹೊತ್ತು ಎಷ್ಟು, ಬಡಿಸುವ ಊಟದ ಮಿತಿ ಎಷ್ಟು? ಇದು ಗೊತ್ತಾಗಿರಲಿಲ್ಲ, ಆದ್ದರಿಂದಲೇ ಒಪ್ಪಂದ ಮುರಿಯಿತು. ಸಾಮಾನ್ಯ ದಿನಕ್ಕೆ ಹೊಂದಿಸಿದ ಅಡುಗೆಮನೆಯನ್ನು ಸುಗ್ಗಿಯ ದಿನ ಹಿಗ್ಗಿಸಿದಾಗ ಆ ಹಿಗ್ಗುವಿಕೆಯನ್ನು ಪಾತ್ರೆಗಳಲ್ಲ, ಒಬ್ಬರ ದೇಹ ಹೊರುತ್ತದೆ.

ಈ ಬರಹದ ಹೊತ್ತಿಗೆ ಏರ್ಪಾಡು ನಡೆಯುತ್ತಿದೆ. ಅಕ್ಕನ ಮನೆಯಲ್ಲಿ ರಾತ್ರಿ ಊಟಕ್ಕೆ ಮತ್ತೆ ಎಂಟು ಜನ ಬರುತ್ತಿದ್ದಾರೆ. ಕಲಿತ ಇಬ್ಬರಲ್ಲಿ ಒಬ್ಬರು ಸ್ವಂತ ರೊಟ್ಟಿ ಕೇಂದ್ರ ತೆರೆಯಲು ಹೊರಟಿರುವುದರಿಂದ ಎರಡನೆಯ ಸರದಿಗೆ ಹೊಸಬರನ್ನು ಅಣಿಗೊಳಿಸಬೇಕಾಗಿದೆ. ಹರಿಹರದಲ್ಲಿ ಇನ್ನೊಂದು ಖಾನಾವಳಿ ತೆರೆಯುವ ಯೋಚನೆ ಮಾಲೀಕರಿಗಿದೆ. ಅಲ್ಲಿಗೆ ಪುಡಿ ಕೊಡಲು ಅಕ್ಕ ಒಪ್ಪಿದ್ದಾರೆ, ಅಡುಗೆ ಮಾಡಿಸಲು ಒಪ್ಪಿಲ್ಲ. ಮುಂದಿನ ಜಾತ್ರೆಯ ದಿನಗಳಲ್ಲಿ ಎಷ್ಟು ಊಟ, ಎಷ್ಟು ಗಂಟೆ, ಎಷ್ಟು ಜನ ಎಂಬುದನ್ನು ಇಬ್ಬರೂ ಈಗಲೇ ಬರೆದು ಸಹಿ ಹಾಕಿಕೊಂಡಿದ್ದಾರೆ.